ಸೊಸೈಟಿಗೆ ಜನ ಆರಿಸುವುದು, ಬಹುಮಾನ ಕೊಡುವುದು: ವಶೀಲಿಗೆ ದಾರಿ ಬಿಡದ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾವುದೇ ಸೇವಾ ಸಹಕಾರಿ ಸಂಘದಲ್ಲಿ ಒಂದು ಗುಮಾಸ್ತರ ಜಾಗ ಖಾಲಿಯಾದರೆ ಸಂಜೆಯೊಳಗೆ ಹತ್ತು ಊರಿಗೆ ಸುದ್ದಿ ಮುಟ್ಟುತ್ತದೆ. ಮರುದಿನದಿಂದ ನಿರ್ದೇಶಕರ ಮನೆಗೆ ಒಬ್ಬೊಬ್ಬರೇ ಬರತೊಡಗುತ್ತಾರೆ. ಬರುವವರು ಯಾರೂ ಹೊರಗಿನವರಲ್ಲ. ಭಾವ, ಸೋದರಮಾವ, ಪಕ್ಕದ ತೋಟದವರು, ಹಿಂದೊಮ್ಮೆ ಜಾಮೀನು ನಿಂತವರು. ಇಂಥಲ್ಲಿ ನಿರ್ದೇಶಕರಿಗೆ 'ನಿಷ್ಪಕ್ಷಪಾತವಾಗಿರಿ' ಎಂದು ಬುದ್ಧಿ ಹೇಳಿ ಪ್ರಯೋಜನವಿಲ್ಲ. ಎಲ್ಲರೂ ಎಲ್ಲರಿಗೂ ಏನಾದರೊಂದು ಆಗುವ ಊರಿನಲ್ಲಿ ಪಕ್ಷಪಾತ ಕೆಟ್ಟವರಿಂದ ಮಾತ್ರ ಆಗುವುದಿಲ್ಲ, ಒಳ್ಳೆಯವರ ದಾಕ್ಷಿಣ್ಯದಿಂದಲೂ ಆಗುತ್ತದೆ. ಅದನ್ನು ತಡೆಯುವುದು ಕೆಲಸದ ಕ್ರಮ. ಆ ಕ್ರಮದ ಬೇರು ಒಂದೇ: ಅಭ್ಯರ್ಥಿಗಳ ಹೆಸರು ಕಣ್ಣಿಗೆ ಬೀಳುವ ಮೊದಲೇ ಅಳತೆ ಬರೆದಿಡಬೇಕು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಎಂಟು-ಹತ್ತು ನೌಕರರಿರುವ ಸೊಸೈಟಿಗೆ ಒಬ್ಬ ಗುಮಾಸ್ತರ ನೇಮಕ. ಕಾರವಾರ, ತದಡಿ, ಹೊನ್ನಾವರದ ಮೀನುಗಾರರ ಸಂಘಕ್ಕೂ ಹಾಲಿನ ಸಂಘಕ್ಕೂ ಸಣ್ಣ ಬದಲಾವಣೆಗಳೊಂದಿಗೆ ಇದೇ ನಡೆಯುತ್ತದೆ. ಕೆಲಸ ಶುರುವಾಗುವ ಮೊದಲು ನಿಮ್ಮ ಬೈಲಾ, ಸೇವಾ ನಿಯಮ, ಮಂಜೂರಾದ ಹುದ್ದೆಗಳ ಪಟ್ಟಿ ಮೂರನ್ನೂ ಮೇಜಿನ ಮೇಲಿಟ್ಟುಕೊಳ್ಳಿ. ವಿದ್ಯಾರ್ಹತೆ, ವಯಸ್ಸು, ಪರೀಕ್ಷೆಯ ವಿಧಾನದ ಬಗ್ಗೆ ಅಲ್ಲಿ ಏನಿದೆಯೋ ಅದಕ್ಕೆ ಮೊದಲ ಮಾನ್ಯತೆ. ಸಂಶಯ ಬಂದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಿಂದ ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ. ಬಾಯಿಮಾತಿನ ಉತ್ತರ ಮುಂದೆ ತಕರಾರು ಬಂದ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ಮೀಸಲಾತಿ ಅನ್ವಯಿಸುವುದಾದರೆ ಹುದ್ದೆ ಯಾವ ವರ್ಗಕ್ಕೆಂದು ಪ್ರಕಟಣೆಯಲ್ಲೇ ಬರೆಯಿರಿ. ಮೀಸಲಾತಿಯೂ ವಶೀಲಿಯೂ ಒಂದೇ ಎಂದು ಮಾತಾಡುವವರಿದ್ದಾರೆ, ಅದು ತಪ್ಪು. ಮೊದಲನೆಯದು ಎಲ್ಲರಿಗೂ ಮುಂಚೆಯೇ ಗೊತ್ತಿರುವ, ಬರೆದಿಟ್ಟ ನಿಯಮ. ಎರಡನೆಯದು ಒಬ್ಬರ ಮುಖ ನೋಡಿ ಆಮೇಲೆ ಹುಟ್ಟುವ ನಿಯಮ.

ಯಾವಾಗ ನಡೆಸಬೇಕು

ಘಟ್ಟದ ಮೇಲೆ ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ತಿಂಗಳುಗಳಲ್ಲಿ, ಎಂದರೆ ನವೆಂಬರಿನಿಂದ ಫೆಬ್ರುವರಿವರೆಗೆ, ನೇಮಕಾತಿ ಇಟ್ಟುಕೊಳ್ಳಬೇಡಿ. ಅಡಿಕೆ ಸುಲಿಯುವ ಮನೆಯ ಹುಡುಗ ಹುಡುಗಿಯರಿಗೆ ಬಿಡುವಿರುವುದಿಲ್ಲ, ನಿರ್ದೇಶಕರಿಗೂ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಬಸ್ಸು ತಪ್ಪುತ್ತದೆ, ಕರೆಂಟ್ ಹೋಗುತ್ತದೆ, ಘಟ್ಟದ ರಸ್ತೆ ಯಾವ ದಿನ ಬಂದ್ ಆಗುತ್ತದೆಂದು ಹೇಳಲಾಗದು. ಸಂಘದ ಪಕ್ಕದಲ್ಲೇ ಮನೆಯಿರುವವರಿಗೆ ಮಾತ್ರ ಅನುಕೂಲವಾಗುವ ದಿನ ಆರಿಸಿದರೆ ಅದೂ ಒಂದು ಬಗೆಯ ಪಕ್ಷಪಾತವೇ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಒಳ್ಳೆಯ ಕಾಲ. ಕರಾವಳಿಯ ಮೀನುಗಾರರ ಸಂಘಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿ ಸರಿಹೋಗುತ್ತದೆ. ಬೋಟು ದಡದಲ್ಲಿರುತ್ತದೆ, ಡೀಸೆಲ್-ಐಸಿನ ಗಡಿಬಿಡಿ ಇರುವುದಿಲ್ಲ.

ಪ್ರಕಟಣೆಯ ದಿನದಿಂದ ಆಯ್ಕೆಪಟ್ಟಿ ಹಚ್ಚುವವರೆಗೆ 45 ದಿನ ಇಟ್ಟುಕೊಳ್ಳಿ: ಅರ್ಜಿಗೆ 21, ಪರಿಶೀಲನೆಗೆ 5, ಲಿಖಿತ ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ 9, ಕೈಕೆಲಸದ ಪರೀಕ್ಷೆ ಮತ್ತು ಸಂದರ್ಶನಕ್ಕೆ 7, ಪಟ್ಟಿಗೆ 3. ಇದಕ್ಕಿಂತ ಎಳೆದರೆ ಶಿಫಾರಸಿಗೆ ಸಮಯ ಸಿಗುತ್ತದೆ. ಅರ್ಜಿಗೆ ಒಂದೇ ವಾರ ಕೊಟ್ಟರೆ ಒಳಗಿನ ಸುದ್ದಿ ಗೊತ್ತಿದ್ದವರು ಮಾತ್ರ ಅರ್ಜಿ ಹಾಕುತ್ತಾರೆ.

ಠರಾವಿನಲ್ಲಿ ಏನೇನು ಬರೆಯಬೇಕು

ಪ್ರಕಟಣೆಗೆ ಮೊದಲು ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಠರಾವು (ನಿರ್ಣಯ) ಆಗಬೇಕು. ಇಡೀ ಕೆಲಸದ ಅಡಿಪಾಯ ಇದು, ಇಲ್ಲಿ ಅವಸರ ಮಾಡಬೇಡಿ.

ಮೊದಲು ಕೆಲಸವನ್ನೇ ವಿವರಿಸಿ. 'ಗುಮಾಸ್ತ, ಪದವಿ, ಕಂಪ್ಯೂಟರ್ ಜ್ಞಾನ' ಎಂದಷ್ಟೇ ಬರೆದರೆ ಸಾಲದು. ಈ ಮನುಷ್ಯ ದಿನವೂ ಏನು ಮಾಡುತ್ತಾರೆ? ಬೆಳಗ್ಗೆ ಶಿಲ್ಕು (ಉಳಿದ ನಗದು) ಎಣಿಸಿ ತೆಗೆದುಕೊಳ್ಳುತ್ತಾರೆ, ಓಚರ್ ಬರೆಯುತ್ತಾರೆ, ಕಿರ್ದಿಗೆ (ದಿನದ ಜಮಾ-ಖರ್ಚಿನ ಪುಸ್ತಕಕ್ಕೆ) ಏರಿಸಿ ಖತಾವಣಿ ಮಾಡುತ್ತಾರೆ, ಎಂದರೆ ಖಾತೆವಾರು ಬರೆಯುತ್ತಾರೆ, ಬಡ್ಡಿ ಲೆಕ್ಕ ಹಾಕುತ್ತಾರೆ, ಅಡಿಕೆ ಚೀಲದ ತೂಕ ಬರೆದುಕೊಳ್ಳುತ್ತಾರೆ, ವಾಯಿದೆ ಮೀರಿದ ಸದಸ್ಯರಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಾರೆ, ಕೌಂಟರಿನಲ್ಲಿ ಸಿಟ್ಟಿನಿಂದ ಬಂದವರ ಜೊತೆ ಮಾತಾಡುತ್ತಾರೆ. ಇಂಥ ಎಂಟು-ಹತ್ತು ಸಾಲು ಬರೆದರೆ ಏನನ್ನು ಪರೀಕ್ಷಿಸಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಕಾರವಾರದ ಕೌಂಟರಿಗೆ ಕೊಂಕಣಿ ಬೇಕಿದ್ದರೆ ಅದನ್ನೂ ಇಲ್ಲೇ ಬರೆಯಿರಿ, ಬಂದವರಿಗೆಲ್ಲ ಅದರ ಪರೀಕ್ಷೆ ಮಾಡಿ. ಹೆಸರು ನೋಡಿ 'ಇವರಿಗೆ ಬರುತ್ತದೆ, ಅವರಿಗೆ ಬರಲಿಕ್ಕಿಲ್ಲ' ಎಂದು ತೀರ್ಮಾನಿಸುವ ಚಾಳಿ ನಮ್ಮ ಕಡೆ ಹೆಚ್ಚು.

ಆಮೇಲೆ ಅಂಕಗಳ ಹಂಚಿಕೆ. ಒಟ್ಟು 100ರಲ್ಲಿ ಲಿಖಿತ ಪರೀಕ್ಷೆಗೆ 45, ಕೈಕೆಲಸದ ಪರೀಕ್ಷೆಗೆ 40, ಸಂದರ್ಶನಕ್ಕೆ 15. ಸಂದರ್ಶನದ ಅಂಕ 15 ದಾಟಬಾರದು ಎಂಬುದಕ್ಕೆ ಕಾರಣವಿದೆ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ವಿಷಯದಲ್ಲಿ ಅಜಯ್ ಹಾಸಿಯಾ ಎಂಬ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿ 150 ಅಂಕದಲ್ಲಿ 50 ಅಂಕ ಮೌಖಿಕಕ್ಕೆ ಇತ್ತು, ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತಾಡಿಸಿ ಅಂಕ ಹಾಕಿದ್ದರು. ಮೌಖಿಕಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಇಡುವುದು ಮನಸೋ ಇಚ್ಛೆಯ ಕ್ರಮ ಎಂದು 1980ರ ತೀರ್ಪು ಹೇಳಿತು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ 'ಸಿ' ಗುಂಪಿನ ಮತ್ತು 'ಬಿ' ಗುಂಪಿನ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದೆ. ಸೊಸೈಟಿ ಸರ್ಕಾರವಲ್ಲ, ನಿಜ. ಆದರೆ ವಶೀಲಿ ಒಳಬರುವ ಬಾಗಿಲು ಎಲ್ಲ ಕಡೆ ಒಂದೇ.

ಕನಿಷ್ಠ ಅಂಕ, ಮುಂದಿನ ಹಂತಕ್ಕೆ ಎಷ್ಟು ಜನ, ಅಂಕ ಸಮವಾದರೆ ಏನು ಎಂಬುದೂ ಠರಾವಿನಲ್ಲಿರಲಿ. ಲಿಖಿತದಲ್ಲಿ 45ಕ್ಕೆ 18, ಕೈಕೆಲಸದಲ್ಲಿ 40ಕ್ಕೆ 16 ಕನಿಷ್ಠ ಎಂದಿಡಬಹುದು. ಸಂದರ್ಶನಕ್ಕೆ ಕನಿಷ್ಠ ಅಂಕ ಇಡಬೇಡಿ, ಇಟ್ಟರೆ ಉಳಿದ 85 ಅಂಕದಲ್ಲಿ ಮುಂದಿದ್ದವರನ್ನು ಅದೊಂದರಿಂದಲೇ ಉರುಳಿಸಬಹುದು. ಸಮ ಬಂದರೆ ಮೊದಲು ಕೈಕೆಲಸದ ಅಂಕ, ಆಮೇಲೆ ಲಿಖಿತ, ಅದೂ ಸಮವಾದರೆ ವಯಸ್ಸಿನಲ್ಲಿ ಹಿರಿಯರು. ಒಮ್ಮೆ ಪ್ರಕಟವಾದ ಮೇಲೆ ಇದರಲ್ಲಿ ಒಂದಕ್ಷರವೂ ಬದಲಾಗಬಾರದು. ಆಂಧ್ರಪ್ರದೇಶದ ಜಿಲ್ಲಾ ನ್ಯಾಯಾಧೀಶರ ಆಯ್ಕೆಯಲ್ಲಿ ಸಂದರ್ಶನ ಮುಗಿದ ಮೇಲೆ ಅದಕ್ಕೆ ಕನಿಷ್ಠ ಅಂಕ ತಂದದ್ದನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಲಿಲ್ಲ. ನಿಯಮದಲ್ಲೇ ಅವಕಾಶ ಇಲ್ಲದಿದ್ದರೆ ಆಯ್ಕೆ ಶುರುವಾದ ಮೇಲೆ ಅದನ್ನು ತಿರುಚುವಂತಿಲ್ಲ ಎಂದು 2024ರ ನವೆಂಬರಿನಲ್ಲಿ ಐವರ ಪೀಠ ಸರ್ಕಾರಿ ನೇಮಕಾತಿಯ ವಿಷಯದಲ್ಲಿ ಮತ್ತೊಮ್ಮೆ ಹೇಳಿದೆ.

ಸಂಬಂಧಿಕರು ಅಭ್ಯರ್ಥಿಯಾಗಿದ್ದರೆ

'ಹತ್ತಿರದ ಸಂಬಂಧಿ' ಎಂದು ಬರೆದರೆ ಅರ್ಥ ಹಿಗ್ಗುತ್ತದೆ, ಕುಗ್ಗುತ್ತದೆ. ಹೆಸರಿಸಿಯೇ ಬರೆಯಿರಿ: ಗಂಡ, ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಳಿಯ, ಸೊಸೆ, ಅಣ್ಣತಮ್ಮ, ಅಕ್ಕತಂಗಿ, ಅವರ ಮಕ್ಕಳು, ಭಾವ, ಭಾವಮೈದುನ, ನಾದಿನಿ, ಅತ್ತಿಗೆ, ಸೋದರಮಾವ-ಸೋದರತ್ತೆಯ ಮಕ್ಕಳು, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು, ಚಿಕ್ಕಮ್ಮ-ದೊಡ್ಡಮ್ಮನ ಮಕ್ಕಳು. ಇದಕ್ಕೆ ಹಣದ ನಂಟನ್ನೂ ಸೇರಿಸಿ: ಒಬ್ಬರ ಸಾಲಕ್ಕೆ ಇನ್ನೊಬ್ಬರ ಜಾಮೀನು, ತೋಟದ ಗೇಣಿ, ಕೈಸಾಲ, ಪಾಲು ವ್ಯಾಪಾರ. ನಮ್ಮಲ್ಲಿ ರಕ್ತಸಂಬಂಧಕ್ಕಿಂತ ಜಾಮೀನಿನ ಋಣ ಹೆಚ್ಚು ಭಾರ.

ಪಟ್ಟಿ ಉದ್ದವಾಯಿತು ಎನಿಸಿದರೆ ಕಂಚಿಯ ಹತ್ತಿರದ ಉತ್ತರಮೇರೂರಿನ ಶಾಸನವನ್ನು ನೆನೆಯಿರಿ. ಚೋಳ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಆ ಶಾಸನಗಳು ಊರ ಸಮಿತಿಗಳಿಗೆ ಜನ ಆರಿಸುವ ಕ್ರಮವನ್ನು ಕಲ್ಲಿನ ಮೇಲೆ ಬರೆದಿಟ್ಟಿವೆ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಅನರ್ಹ. ಅವನ ಅಪ್ಪ, ಮಗ, ಅಳಿಯ, ಮಾವ, ಸೋದರಮಾವ, ಹೆಂಡತಿಯ ಅಣ್ಣತಮ್ಮ, ಅಕ್ಕತಂಗಿಯ ಗಂಡ, ಅಕ್ಕತಂಗಿಯ ಮಕ್ಕಳು ಹೀಗೆ ಒಬ್ಬೊಬ್ಬರನ್ನೂ ಹೆಸರಿಸಿ ಅವರೂ ಅನರ್ಹರು ಎನ್ನುತ್ತದೆ. ಸಾವಿರ ವರ್ಷದ ಹಿಂದಿನವರಿಗೂ 'ಹತ್ತಿರದವರು' ಎಂಬ ಒಂದೇ ಶಬ್ದ ಸಾಲದೆಂದು ಗೊತ್ತಿತ್ತು. ಸೊಸೈಟಿಯಲ್ಲಿ ಅಷ್ಟು ಕಠಿಣವಾಗಬೇಕಿಲ್ಲ. ನಿರ್ದೇಶಕರ ತಂಗಿಯ ಮಗಳು ಅರ್ಜಿ ಹಾಕಲಿ, ಅದು ಅವಳ ಹಕ್ಕು. ಹೊರಗೆ ಹೋಗಬೇಕಾದವರು ನಿರ್ದೇಶಕರು.

ಅರ್ಜಿ ಮುಗಿದ ಮರುದಿನ ಅಭ್ಯರ್ಥಿಗಳ ಹೆಸರಿನ ಪಟ್ಟಿಯನ್ನು ಪ್ರತಿ ನಿರ್ದೇಶಕರಿಗೂ ಕಾರ್ಯದರ್ಶಿಗೂ ಕೊಟ್ಟು 'ಇವರಲ್ಲಿ ಯಾರು ನನಗೆ ಏನಾಗಬೇಕು' ಎಂದು ಬರೆಸಿ ಸಹಿ ತೆಗೆದುಕೊಳ್ಳಿ. ಸಂಬಂಧ ಇರುವವರು ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಸಂದರ್ಶನ, ಅಂತಿಮ ಸಭೆ ನಾಲ್ಕರಿಂದಲೂ ದೂರ. ಮತ ಹಾಕದೆ ಸುಮ್ಮನೆ ಕೂತರೆ ಸಾಲದು, ಕೋಣೆಯಲ್ಲೇ ಇರಬಾರದು. ಎದುರಿಗೆ ಕೂತವರ ಮುಖ ನೋಡಿಕೊಂಡು ಅವರ ಅಳಿಯನಿಗೆ ಕಡಿಮೆ ಅಂಕ ಹಾಕುವ ಧೈರ್ಯ ಹೆಚ್ಚಿನವರಿಗಿಲ್ಲ. ಎದ್ದು ಹೋದ ಸಮಯ, ಮರಳಿ ಬಂದ ಸಮಯ ನಡವಳಿಯಲ್ಲಿ ದಾಖಲಾಗಲಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಸಂಖ್ಯೆ) ಉಳಿಯದಷ್ಟು ಜನ ಹೊರಗೆ ಹೋಗಬೇಕಾಗಿ ಬಂದರೆ ನಿಬಂಧಕರ ಕಚೇರಿಗೆ ಬರೆದು ಹೊರಗಿನವರ ಆಯ್ಕೆ ಸಮಿತಿ ಮಾಡಿಸಿ.

ಮನೆಗೆ ಬಂದು ಕೇಳುವವರಿಗೆ ಏನು ಹೇಳಬೇಕೆಂಬುದು ಸಣ್ಣ ವಿಷಯವಲ್ಲ, ಸಂಬಂಧ ಕೆಡಬಾರದು. ಇಷ್ಟು ಹೇಳಿದರೆ ಸಾಕು: "ಭಾವ, ಹುಡುಗ ಅರ್ಜಿ ಹಾಕ್ಲಿ, ಚೆನ್ನಾಗಿ ಓದ್ಕೊಂಡು ಬರ್ಲಿ. ಪರೀಕ್ಷೆ ದಿನ ನಾನು ಆ ಕೋಣೇಲಿ ಇರೂದಿಲ್ಲ, ಬರ್ದು ಕೊಟ್ಟಾಗಿದೆ." ಬರೆದು ಕೊಟ್ಟಾಗಿದೆ ಎಂಬ ಮಾತು ನಿರ್ದೇಶಕರನ್ನು ಕಾಪಾಡುತ್ತದೆ. ಫೋನಿನಲ್ಲಿ, ಚೀಟಿಯಲ್ಲಿ ಬರುವ ಶಿಫಾರಸುಗಳಿಗೆ ಒಂದು ನೋಟ್‌ಬುಕ್ ಇಡಿ: ದಿನಾಂಕ, ಯಾರಿಂದ, ಯಾರ ಪರವಾಗಿ. ಇಂಥ ಪುಸ್ತಕ ಇದೆ ಎಂದು ಪ್ರಕಟಣೆಯಲ್ಲೇ ಒಂದು ಸಾಲು ಹಾಕಿ. ಪುಸ್ತಕ ತುಂಬುವುದಿಲ್ಲ, ಅದೇ ಅದರ ಉಪಯೋಗ.

ಪ್ರಕಟಣೆ ಮತ್ತು ಅರ್ಜಿ

ಸಂಘದ ಬೋರ್ಡ್, ಗ್ರಾಮ ಪಂಚಾಯಿತಿ ಬೋರ್ಡ್, ಅಂಚೆ ಕಚೇರಿ, ಹತ್ತಿರದ ಪದವಿ ಕಾಲೇಜು, ಜಿಲ್ಲೆಯಲ್ಲಿ ಓದುವ ಒಂದು ದಿನಪತ್ರಿಕೆ, ಸದಸ್ಯರ ವಾಟ್ಸಾಪ್ ಗುಂಪು. ಎಲ್ಲ ಕಡೆಗೂ ಒಂದೇ ದಿನ. ಅಂಕ ಹಂಚಿಕೆ, ಪರೀಕ್ಷೆಯ ವಿಷಯ, ಸಂಬಳ, ಪರೀಕ್ಷಾರ್ಥ ಅವಧಿ ಎಲ್ಲವೂ ಅದರಲ್ಲಿರಲಿ. ಅರ್ಜಿಯಲ್ಲಿ ಅಪ್ಪನ ಉದ್ಯೋಗ, ತೋಟದ ವಿಸ್ತೀರ್ಣ, ಪರಿಚಿತರ ಹೆಸರು ಕೇಳಬೇಡಿ. ಪರಿಶೀಲನೆ ಎಂದರೆ ಅರ್ಹತೆ ಇದೆ ಅಥವಾ ಇಲ್ಲ, ಅಷ್ಟೇ. ಪದವಿಯ ಶೇಕಡಾವಾರು ನೋಡಿ ಸೋಸಬೇಡಿ. ಅರ್ಹರೆಲ್ಲರನ್ನೂ ಲಿಖಿತ ಪರೀಕ್ಷೆಗೆ ಕರೆಯಿರಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿ.

ಲಿಖಿತ ಪರೀಕ್ಷೆ

90 ನಿಮಿಷ, 45 ಅಂಕ: ಲೆಕ್ಕ 20, ಜಮಾ-ಖರ್ಚು ಮತ್ತು ಖತಾವಣಿ 15, ಕನ್ನಡ ಪತ್ರ 10. ಪ್ರಶ್ನೆಗಳು ಸಂಘದ ಕೆಲಸದಿಂದಲೇ ಬರಲಿ. ರಾಜಧಾನಿಗಳ ಹೆಸರು ಕೇಳುವ ಸಾಮಾನ್ಯ ಜ್ಞಾನದಿಂದ ಕಿರ್ದಿ ಬರೆಯಲು ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ. ಎರಡು ಮಾದರಿ ಕೊಡುತ್ತೇವೆ.

ಒಂದು: ₹48,000 ಸಾಲಕ್ಕೆ ವರ್ಷಕ್ಕೆ ಶೇಕಡಾ 12ರಂತೆ 73 ದಿನಗಳ ಸರಳ ಬಡ್ಡಿ ಎಷ್ಟು? ಉತ್ತರ ₹1,152.

ಎರಡು: ಸದಸ್ಯರೊಬ್ಬರು ಮೂರು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ತಂದಿದ್ದಾರೆ. ಒಟ್ಟು ತೂಕ 196.5 ಕಿಲೋ, ಖಾಲಿ ಚೀಲ ತಲಾ 500 ಗ್ರಾಂ. ಕ್ವಿಂಟಲಿಗೆ ₹38,000 ಎಂದು ಹಿಡಿಯಿರಿ. ಕಮಿಷನ್ ಶೇಕಡಾ 2, ಮುಂಗಡ ₹20,000 ಕಳೆದು ಕೊಡಬೇಕಾದದ್ದೆಷ್ಟು? ನಿವ್ವಳ ತೂಕ 195 ಕಿಲೋ, ಮೊತ್ತ ₹74,100, ಕಮಿಷನ್ ₹1,482, ಕೈಗೆ ₹52,618. ಇದಕ್ಕೆ 5 ಅಂಕವಿದ್ದರೆ ತೂಕಕ್ಕೆ 1, ಮೊತ್ತಕ್ಕೆ 1, ಕಮಿಷನ್‌ಗೆ 1, ಕೊನೆಯ ಉತ್ತರಕ್ಕೆ 2 ಎಂದು ಉತ್ತರಸೂಚಿಯಲ್ಲಿ ಮೊದಲೇ ಬರೆದಿಡಿ. ಸೂಚಿ ಇಲ್ಲದೆ ಕೊಡುವ ಬಿಡಿ ಅಂಕಗಳಲ್ಲೇ ಮುಲಾಜು ಸೇರಿಕೊಳ್ಳುವುದು.

ಪತ್ರಿಕೆ ತಯಾರಿಸುವವರು ಸಂಘದ ಹೊರಗಿನ ಇಬ್ಬರಾಗಿರಲಿ, ನಿವೃತ್ತ ಬ್ಯಾಂಕ್ ನೌಕರರು ಅಥವಾ ವಾಣಿಜ್ಯ ಕಲಿಸುವ ಉಪನ್ಯಾಸಕರು. ಎರಡು ಪ್ರತ್ಯೇಕ ಪತ್ರಿಕೆ ಮಾಡಿಸಿ, ಮೊಹರು ಹಾಕಿಸಿ, ಪರೀಕ್ಷೆಯ ದಿನ ಬೆಳಗ್ಗೆ ಅಭ್ಯರ್ಥಿಗಳ ಎದುರೇ ಚೀಟಿ ಎತ್ತಿ ಒಂದನ್ನು ತೆರೆಯಿರಿ. ಝೆರಾಕ್ಸ್ ಅಲ್ಲೇ, ಆಗಲೇ. ಕರೆಂಟ್ ಹೋಗುವ ಸಾಧ್ಯತೆಯನ್ನು ಎಣಿಸಿ ಯುಪಿಎಸ್ ಅಥವಾ ಜನರೇಟರ್ ಇರುವ ಕಡೆ ಕೇಂದ್ರ ಮಾಡಿ. ಸೋರುವುದು ಹೆಚ್ಚಾಗಿ ಹಿಂದಿನ ಸಂಜೆ ಪೇಟೆಯ ಅಂಗಡಿಯಲ್ಲಿ ಪ್ರತಿ ತೆಗೆಸುವಾಗ.

ಉತ್ತರಪತ್ರಿಕೆಯಲ್ಲಿ ಹೆಸರು ಇರಬಾರದು. ಮೇಲ್ತುದಿಯಲ್ಲಿ ಹರಿದು ತೆಗೆಯುವ ಚೀಟಿ, ಅದರಲ್ಲಿ ಹೆಸರು ಮತ್ತು ಸಂಖ್ಯೆ, ಕೆಳಗೆ ಸಂಖ್ಯೆ ಮಾತ್ರ. ಪರೀಕ್ಷೆ ಮುಗಿದ ಕೂಡಲೇ ಚೀಟಿಗಳನ್ನು ಹರಿದು ಲಕೋಟೆಗೆ ಹಾಕಿ, ಇಬ್ಬರು ಅಭ್ಯರ್ಥಿಗಳ ಸಹಿ ಮಾಡಿಸಿ, ಕಪಾಟಿನಲ್ಲಿಡಿ. ಆದರೆ ಸಣ್ಣ ಊರಿನಲ್ಲಿ ಅಕ್ಷರವೇ ಹೆಸರು ಹೇಳುತ್ತದೆ. ಚೀನಾದ ಸಾಂಗ್ ವಂಶದ ಆಡಳಿತದಲ್ಲಿ, ಸುಮಾರು ಸಾವಿರ ವರ್ಷದ ಹಿಂದೆ, ಅಧಿಕಾರಿಗಳ ಪರೀಕ್ಷೆಗೆ ಹೆಸರು ಮುಚ್ಚಿದರೂ ಕೈಬರಹ ಗುರುತು ಸಿಗುತ್ತದೆಂದು ಪ್ರತಿ ಉತ್ತರವನ್ನೂ ಗುಮಾಸ್ತರಿಂದ ನಕಲು ಮಾಡಿಸಿ ಪರೀಕ್ಷಕರಿಗೆ ಕೊಡುತ್ತಿದ್ದರು. ನಮಗೆ ಅಷ್ಟು ಬೇಡ. ಘಟ್ಟದ ಮೇಲಿನ ಸಂಘದ ಉತ್ತರಪತ್ರಿಕೆ ಘಟ್ಟದ ಕೆಳಗೆ ಹೋಗಲಿ, ಕುಮಟಾದ್ದು ಶಿರಸಿಗೆ ಬರಲಿ. ಎರಡು ಸಂಘಗಳು ಹೀಗೆ ಒಪ್ಪಂದ ಮಾಡಿಕೊಂಡರೆ ಖರ್ಚು ಬಸ್ ಚಾರ್ಜು ಮತ್ತು ಗೌರವಧನ ಮಾತ್ರ. ಇಬ್ಬರು ಬೇರೆ ಬೇರೆಯಾಗಿ ಮೌಲ್ಯಮಾಪನ ಮಾಡಲಿ, ಮೊದಲನೆಯವರ ಅಂಕ ಎರಡನೆಯವರಿಗೆ ಕಾಣದಂತೆ ಪ್ರತ್ಯೇಕ ಹಾಳೆಯಲ್ಲಿ. 4 ಅಂಕದವರೆಗಿನ ವ್ಯತ್ಯಾಸಕ್ಕೆ ಸರಾಸರಿ, ಅದಕ್ಕಿಂತ ಹೆಚ್ಚಾದರೆ ಮೂರನೆಯವರು.

ಕೈಕೆಲಸದ ಪರೀಕ್ಷೆ

ನಮ್ಮ ಕಡೆಯ ಆಯ್ಕೆಗಳಲ್ಲಿ ಬಿಟ್ಟುಹೋಗುವುದು ಇದೇ, ಹೆಚ್ಚು ಸತ್ಯ ಹೇಳುವುದೂ ಇದೇ. ಲಿಖಿತದಲ್ಲಿ ಮುಂದಿರುವ 12 ಜನರನ್ನು ಕರೆಯಿರಿ. ಒಂದು ತಂಡಕ್ಕೆ ನಾಲ್ವರು, ತಲಾ 40 ನಿಮಿಷ, 40 ಅಂಕ. ಮುಗಿಸಿದ ತಂಡ ಇನ್ನೂ ಬರಬೇಕಾದವರ ಜೊತೆ ಸೇರದಂತೆ ಬೇರೆ ಬಾಗಿಲು ಇರಲಿ, ಅಥವಾ ಮೂರು ತಂಡಕ್ಕೂ ಅಂಕಿ ಬದಲಿಸಿದ ಮೂರು ಕಟ್ಟು ತಯಾರಿಸಿ.

ಒಂದು ದಿನದ 12 ಓಚರ್‌ಗಳ ಕಟ್ಟು ಕೊಡಿ. ಅದರಲ್ಲಿ ಮೂರು ತಪ್ಪು ಹುದುಗಿಸಿರಿ: ಒಂದರಲ್ಲಿ ಅಂಕಿ ಮತ್ತು ಅಕ್ಷರದ ಮೊತ್ತ ಬೇರೆ, ಒಂದರಲ್ಲಿ ಸಹಿ ಇಲ್ಲ, ಒಂದರಲ್ಲಿ ತಾರೀಕು ನಾಳೆಯದು. ಕಿರ್ದಿ ಬರೆದು ಶಿಲ್ಕು ತೆಗೆಯುವುದಕ್ಕೆ 15 ಅಂಕ, ತಪ್ಪು ಹಿಡಿದರೆ ತಲಾ 3ರಂತೆ 9. ನೋಟು-ನಾಣ್ಯದ ಒಂದು ಕಟ್ಟು ಎಣಿಸಿ ಮುಖಬೆಲೆವಾರು ಬರೆಯುವುದಕ್ಕೆ 6. ಕಂಪ್ಯೂಟರಿನಲ್ಲಿ ಎಂಟು ನಮೂದು ಏರಿಸಿ, 60 ಶಬ್ದಗಳ ಕನ್ನಡ ನೋಟಿಸನ್ನು ನುಡಿ ತಂತ್ರಾಂಶ ಅಥವಾ ಯುನಿಕೋಡಿನಲ್ಲಿ ಟೈಪ್ ಮಾಡುವುದಕ್ಕೆ 10. ಕೀಲಿಮಣೆ ವಿನ್ಯಾಸ ಯಾವುದೆಂದು ಪ್ರಕಟಣೆಯಲ್ಲೇ ಹೇಳಿರಬೇಕು. ನಡುವೆ ಹತ್ತು ನಿಮಿಷ ಕರೆಂಟ್ ಹೋದರೆ ಆ ತಂಡದ ಎಲ್ಲರಿಗೂ ಹತ್ತು ನಿಮಿಷ ಹೆಚ್ಚು ಕೊಟ್ಟು ಹಾಗೆಂದು ಬರೆದಿಡಿ.

ಹುದ್ದೆ ಅಡಿಕೆ ವಿಂಗಡಣೆಯದಾದರೆ ಪರೀಕ್ಷೆ ಇನ್ನೂ ಸುಲಭ, ಇನ್ನೂ ಖಚಿತ. ಚಾಲಿ 120, ಅದಕ್ಕಿಂತ ಕೆಳದರ್ಜೆಯ ಬಿಳಿಗೋಟು 50, ಕೋಕಾ 30, ಒಟ್ಟು 200 ಅಡಿಕೆ ಬೆರೆಸಿದ ತಟ್ಟೆ ಮಾಡಿ. ಮೊದಲು ಅನುಭವಿಗಳಿಬ್ಬರು ಬೇರೆ ಬೇರೆಯಾಗಿ ವಿಂಗಡಿಸಿ, ಇಬ್ಬರೂ ಒಪ್ಪಿದ ಅಡಿಕೆಯನ್ನಷ್ಟೇ ತಟ್ಟೆಗೆ ಹಾಕಬೇಕು. ಅನುಭವಿಗಳಲ್ಲೇ ಭಿನ್ನಾಭಿಪ್ರಾಯ ಇರುವ ಅಡಿಕೆಯಿಂದ ಹೊಸಬರನ್ನು ಅಳೆಯಲಾಗದು. 30 ನಿಮಿಷ ಕೊಟ್ಟು ತಪ್ಪು ರಾಶಿಗೆ ಬಿದ್ದದ್ದನ್ನು ಎಣಿಸಿ. ಹಗಲು ಬೆಳಕಿನಲ್ಲಿ, ಎಲ್ಲರಿಗೂ ಒಂದೇ ಕಿಟಕಿಯ ಪಕ್ಕ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ.

ಸಂದರ್ಶನ

ಲಿಖಿತ ಮತ್ತು ಕೈಕೆಲಸದ ಅಂಕ ಕೂಡಿಸಿ ಮೊದಲ ಐವರು. ಮೂವರು ಸಂದರ್ಶಕರು, ಅವರಲ್ಲಿ ಒಬ್ಬರಾದರೂ ಹೊರಗಿನವರು. ಹಿಂದಿನ ಅಂಕ ಅವರಿಗೆ ತಿಳಿದಿರಬಾರದು. ಐದು ಪ್ರಶ್ನೆ, ತಲಾ 3 ಅಂಕ, ಎಲ್ಲರಿಗೂ ಅವೇ, ಅದೇ ಸರದಿಯಲ್ಲಿ, ತಲಾ 15 ನಿಮಿಷ. 'ನಿಮ್ಮ ಬಗ್ಗೆ ಹೇಳಿ', 'ಯಾರ ಮನೆಯವರು', 'ಮದುವೆ ಯಾವಾಗ' ಬೇಡ. ಮೊದಲ ಎರಡು ಪ್ರಶ್ನೆಗಳು ಸಂಬಂಧ ಹುಡುಕುವ ದಾರಿ, ಮೂರನೆಯದು ಹುಡುಗಿಯರಿಗೆ ಮಾತ್ರ ಬೀಳುವ ಪ್ರಶ್ನೆ.

ಒಂದು ಪ್ರಶ್ನೆ ಹೀಗಿರಲಿ: 'ಸಂಜೆ ಶಿಲ್ಕಿನಲ್ಲಿ ₹2,300 ಕಡಿಮೆ ಬಂತು. ಏನು ಮಾಡುತ್ತೀರಿ?' ಸ್ವಂತ ಹಣ ಹಾಕಿ ಸರಿಮಾಡುತ್ತೇನೆ ಎಂದರೆ 0. ಮ್ಯಾನೇಜರರಿಗೆ ಹೇಳುತ್ತೇನೆ ಎಂದಷ್ಟೇ ಹೇಳಿದರೆ 1. ಮರುಎಣಿಕೆ ಮಾಡಿ ಓಚರ್ ತಾಳೆ ನೋಡಿ ತಿಳಿಸುತ್ತೇನೆ ಎಂದರೆ 2. ಇದರ ಜೊತೆಗೆ ಅದೇ ದಿನ ಕೊರತೆಯನ್ನು ದಾಖಲಿಸಿ ಬರವಣಿಗೆಯಲ್ಲಿ ಕೊಡುತ್ತೇನೆ ಎಂದರೆ 3. ಸ್ವಂತ ಹಣ ಹಾಕುವುದು ಪ್ರಾಮಾಣಿಕತೆಯಂತೆ ಕಾಣುತ್ತದೆ, ಹಲವು ಸಂದರ್ಶಕರು ಅದಕ್ಕೆ ತಲೆದೂಗುತ್ತಾರೆ. ಕೊರತೆ ಮುಚ್ಚುವವರು ಮುಂದೊಂದು ದಿನ ಹೆಚ್ಚುವರಿಯನ್ನೂ ಮುಚ್ಚಿಡಬಹುದು, ಆದ್ದರಿಂದ ಸೊನ್ನೆ. ಇಂಥ ಉತ್ತರಸೂಚಿ ಐದಕ್ಕೂ ಬೇಕು. ಇನ್ನೊಂದು ಪ್ರಶ್ನೆ: 'ಜಾಮೀನುದಾರರ ಸಹಿ ಆಮೇಲೆ ತರುತ್ತಾರೆ, ಹಣ ಕೊಟ್ಟುಬಿಡಿ ಎಂದು ನಿರ್ದೇಶಕರೊಬ್ಬರು ಫೋನ್ ಮಾಡಿದರೆ?'

ಸಂದರ್ಶಕರು ತಮ್ಮಲ್ಲಿ ಒಂದು ಮಾತೂ ಆಡುವ ಮೊದಲು ಅಂಕ ಬರೆದು ಹಾಳೆ ಮಡಚಿಡಬೇಕು, ಪೆನ್ಸಿಲಿನಲ್ಲಿ ಅಲ್ಲ, ಪೆನ್ನಿನಲ್ಲಿ. ಅಧ್ಯಕ್ಷರು 'ಹುಡುಗ ಚುರುಕಿದ್ದಾನೆ' ಎಂದ ಮೇಲೆ ಉಳಿದಿಬ್ಬರ ಅಂಕ ಅವರದ್ದಾಗಿ ಉಳಿಯುವುದಿಲ್ಲ. ಮೂವರ ಅಂಕದ ಸರಾಸರಿಯೇ ಅಂತಿಮ.

ಪಟ್ಟಿ, ತಕರಾರು, ಪರೀಕ್ಷಾರ್ಥ ಅವಧಿ

ಮೂರು ದಿನದೊಳಗೆ ಎಲ್ಲರ ಅಂಕ ಬೋರ್ಡಿಗೆ ಬರಲಿ, ಸಂಖ್ಯೆಯ ಲೆಕ್ಕದಲ್ಲಿ. ಆಯ್ಕೆಯಾದವರ ಮತ್ತು ಕಾಯುವ ಪಟ್ಟಿಯ ಇಬ್ಬರ ಹೆಸರು ಮಾತ್ರ ಹಾಕಿದರೆ ಸಾಕು. ತಮ್ಮ ಉತ್ತರಪತ್ರಿಕೆ ನೋಡಲು ಏಳು ದಿನ ಅವಕಾಶ ಕೊಡಿ. ತಕರಾರನ್ನು ಆಯ್ಕೆಯಲ್ಲಿ ಕೈಯಿಡದ ಒಬ್ಬರು ಕೇಳಿ ಬರವಣಿಗೆಯಲ್ಲಿ ಉತ್ತರ ಕೊಡಲಿ. ಎಲ್ಲ ಕಾಗದ ಕನಿಷ್ಠ ಒಂದು ವರ್ಷ ಕಪಾಟಿನಲ್ಲಿರಲಿ. ಸೋತವರು ತಮ್ಮ ಪತ್ರಿಕೆ ನೋಡಿ 'ಸರಿ, ನನಗೆ ಬಡ್ಡಿ ಲೆಕ್ಕ ತಪ್ಪಿತು' ಎಂದು ಹೊರಟರೆ ಊರಿನಲ್ಲಿ ಸಂಘದ ಹೆಸರು ಉಳಿಯುತ್ತದೆ.

ನೇಮಕವಾದ ಮೇಲೆ ಆರು ತಿಂಗಳ ಪರೀಕ್ಷಾರ್ಥ ಅವಧಿ ಹೆಸರಿಗಷ್ಟೇ ಆಗಬಾರದು. ಒಂದು, ಮೂರು, ಐದನೆಯ ತಿಂಗಳ ಕೊನೆಗೆ ಅರ್ಧ ಪುಟದ ವರದಿ ಬರೆದು ಓದಿಹೇಳಿ. ಐದನೆಯ ತಿಂಗಳಲ್ಲೇ ನಿರ್ಧಾರಕ್ಕೆ ಬನ್ನಿ.

ವರ್ಷದ ಬಹುಮಾನ

ಇಲ್ಲಿ ಮೂರು ಬೇರೆ ಬೇರೆ ಹಣ ಒಂದರೊಳಗೊಂದು ಕಲಸಿಹೋಗುತ್ತದೆ. ಕಾನೂನಿನ ಬೋನಸ್ ಅನ್ವಯವಾಗುವ ಕಡೆ ಸಂಬಳದ ಕನಿಷ್ಠ ಶೇಕಡಾ 8.33 ನೌಕರರ ಹಕ್ಕು, ಅದನ್ನು ಮೆಚ್ಚುಗೆಯೆಂದು ಶಾಲು ಹೊದಿಸಿ ಕೊಡುವಂತಿಲ್ಲ. ವಾರ್ಷಿಕ ವೇತನ ಬಡ್ತಿ ಸೇವಾ ನಿಯಮದಂತೆ. ಇವೆರಡನ್ನೂ ಮುಟ್ಟದೆ ಉಳಿಯುವ ಮೂರನೆಯದೇ ಕೆಲಸ ನೋಡಿ ಕೊಡುವ ಬಹುಮಾನ.

ಏನನ್ನು ಅಳೆಯುತ್ತೀರಿ ಎಂಬುದನ್ನು ಏಪ್ರಿಲ್ 1ಕ್ಕೆ ಹೇಳಿ, ಮಾರ್ಚ್ 31ಕ್ಕೆ ಅಳೆಯಿರಿ. ಸಾಲ ವಸೂಲಿಯ ಶೇಕಡಾವಾರು ಒಂದನ್ನೇ ಹಿಡಿದರೆ ಕಾಗದದ ಮೇಲಿನ ವಸೂಲಿ ಶುರುವಾಗುತ್ತದೆ. ಮಾರ್ಚ್ ಕೊನೆಯ ವಾರ ಹಳೆಯ ಸಾಲ ಜಮಾ, ಏಪ್ರಿಲ್ ಮೊದಲ ವಾರ ಅದೇ ಸದಸ್ಯರಿಗೆ ಅಷ್ಟೇ ಹೊಸ ಸಾಲ. ಪಿಗ್ಮಿ (ದಿನದಿನದ ಸಣ್ಣ ಠೇವಣಿ) ಸಂಗ್ರಹದ ಮೊತ್ತ ಒಂದನ್ನೇ ನೋಡಿದರೆ ಪೇಟೆಯ ಬೀದಿ ಸಿಕ್ಕವರು ಗೆಲ್ಲುತ್ತಾರೆ, ಹಳ್ಳಿ ಸುತ್ತುವವರು ಸೋಲುತ್ತಾರೆ. ಅದಕ್ಕೇ ಪ್ರತಿಯೊಬ್ಬರನ್ನೂ ಅವರದೇ ಹಿಂದಿನ ವರ್ಷದ ಜೊತೆ ಹೋಲಿಸಿ, ನಾಲ್ಕು ಅಳತೆ ಇಡಿ: ಲೆಕ್ಕಪರಿಶೋಧನೆಯಲ್ಲಿ ಬಂದ ನ್ಯೂನತೆಗಳು 30, ದಿನದ ಶಿಲ್ಕು ಅದೇ ದಿನ ತಾಳೆಯಾದ ದಿನಗಳು 25, ನೋಟಿಸು-ಪತ್ರಗಳು ವಾಯಿದೆಯೊಳಗೆ ಹೋದದ್ದು 25, ಸದಸ್ಯರ ದೂರು ಮತ್ತು ಅದರ ಪರಿಹಾರ 20. ನಾಲ್ಕೂ ಪುಸ್ತಕದಿಂದ ಬರುವಂಥವು. 'ನಡತೆ', 'ನಿಷ್ಠೆ' ಎಂಬ ಕಾಲಂ ಇಟ್ಟರೆ ಅಧ್ಯಕ್ಷರ ಮನೆಯ ಪೂಜೆಗೆ ದುಡಿದವರು ಮೇಲೆ ಬರುತ್ತಾರೆ.

ಹಂಚುವುದಕ್ಕೆ ಪಾಲಿನ ಲೆಕ್ಕ ಒಳ್ಳೆಯದು. 80 ಮತ್ತು ಮೇಲೆ 3 ಪಾಲು, 65ರಿಂದ 79ಕ್ಕೆ 2, 50ರಿಂದ 64ಕ್ಕೆ 1, ಅದಕ್ಕಿಂತ ಕೆಳಗೆ ಇಲ್ಲ. ಎಂಟು ಜನರಲ್ಲಿ ಇಬ್ಬರು ಮೊದಲ ಸಾಲಿನಲ್ಲಿ, ನಾಲ್ವರು ಎರಡನೆಯದರಲ್ಲಿ, ಒಬ್ಬರು ಮೂರನೆಯದರಲ್ಲಿ, ಒಬ್ಬರು ಹೊರಗೆ ಎಂದುಕೊಳ್ಳಿ. ಪಾಲು 6+8+1, ಒಟ್ಟು 15. ನಿಧಿ ₹60,000 ಇದ್ದರೆ ಪಾಲಿಗೆ ₹4,000. ಮೇಲಿನವರಿಗೆ ₹12,000, ನಡುವಿನವರಿಗೆ ₹8,000, ಕೆಳಗಿನವರಿಗೆ ₹4,000. ಎಲ್ಲವನ್ನೂ ಒಬ್ಬರಿಗೇ 'ಉತ್ತಮ ನೌಕರ' ಎಂದು ಕೊಟ್ಟರೆ ಉಳಿದ ಏಳು ಜನ ಮರುವರ್ಷ ಕೈಚೆಲ್ಲುತ್ತಾರೆ. ಸಮನಾಗಿ ಹಂಚಿದರೆ ಮೊದಲಿಬ್ಬರು ನಿಧಾನಿಸುತ್ತಾರೆ.

ಮೇಲಿನ ಹುದ್ದೆಗೆ ಬಡ್ತಿಯಲ್ಲಿ ಹಿರಿತನವನ್ನು ಅರ್ಹತೆಯ ಹೊಸ್ತಿಲಾಗಿ ಇಡಿ, ಐದು ವರ್ಷ ಸೇವೆ ಎಂದು. ಹೊಸ್ತಿಲು ದಾಟಿದವರಲ್ಲಿ ಮ್ಯಾನೇಜರ್ ಕೆಲಸದ ಪರೀಕ್ಷೆ ಮಾಡಿ, ತಲಾ ಎರಡು ತಿಂಗಳು ಪ್ರಭಾರ ಕೊಟ್ಟು ನೋಡಿ. ಕಿರ್ದಿ ಚಂದ ಬರೆಯುವವರಿಗೆ ಜನರಿಂದ ಕೆಲಸ ತೆಗೆಯಲು ಬಂದೇ ಬರುತ್ತದೆಂದು ಇಲ್ಲ.

ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರ ಮಕ್ಕಳಿಗೆ ಕೊಡುವ ಪ್ರತಿಭಾ ಪುರಸ್ಕಾರಕ್ಕೂ ಇದೇ ರೀತಿ. ಎಸ್ಸೆಸ್ಸೆಲ್ಸಿಗೆ 625ರಲ್ಲಿ ಎಷ್ಟು, ಪಿಯುಸಿಗೆ 600ರಲ್ಲಿ ಎಷ್ಟು ಎಂಬ ಗಡಿಯನ್ನು ಫಲಿತಾಂಶಕ್ಕೆ ಮೊದಲೇ, ಮಾರ್ಚಿನಲ್ಲೇ ಪ್ರಕಟಿಸಿ. ಫಲಿತಾಂಶ ಬಂದ ಮೇಲೆ ಗಡಿ ಇಟ್ಟರೆ ಅದು ಯಾರದೋ ಮಗಳ ಅಂಕದ ಒಂದು ಕೆಳಗೇ ಬಂದು ನಿಲ್ಲುತ್ತದೆ. ಗಡಿ ದಾಟಿದ ಎಲ್ಲರಿಗೂ ಸಮ ಮೊತ್ತ, ನಿರ್ದೇಶಕರ ಮಕ್ಕಳಿಗೂ ಅಡಿಕೆ ಕೊನೆ ಕೊಯ್ಯುವವರ ಮಕ್ಕಳಿಗೂ. ವೇದಿಕೆಗೆ ಕರೆಯುವ ಸರದಿ ಅಂಕದ ಪ್ರಕಾರ, ಪಟ್ಟಿ ಹಿಂದಿನ ದಿನವೇ ಬೋರ್ಡಿನಲ್ಲಿ.